ಮುಗಿಸಿದವರ ಮನೆ

ಒಂದು ಊರಿತ್ತು. ಹೆಸರು ಹೇಳಿದರೆ ನೀವು ಹುಡುಕಿಕೊಂಡು ಬರುತ್ತೀರಿ, ಬಂದರೆ ನಿಮ್ಮನ್ನೂ ಕೂಟಕ್ಕೆ ಕೂರಿಸುತ್ತೇವೆ, ಆಮೇಲೆ ನಿಮ್ಮ ಪಾಡು ನಿಮಗೆ. ಆದ್ದರಿಂದ ಹೆಸರು ಬೇಡ. ಅದು ನಮ್ಮೂರು ಎಂದಷ್ಟೇ ತಿಳಿದರೆ ಸಾಕು.

ನಮ್ಮೂರಿನಲ್ಲಿ ಪ್ರತಿ ಗುರುವಾರ, ಬಿಸಿಲು ಬಾವಿಕಟ್ಟೆ ದಾಟಿದ ಮೇಲೆ, ಕೂಟ ಸೇರುತ್ತದೆ. ಇಂಥದ್ದೇ ಹಾಡಬೇಕು, ಇಂಥದ್ದೇ ನುಡಿಸಬೇಕು ಎಂದೇನೂ ಇಲ್ಲ. ಮೊದಲೇ ಕಲಿತದ್ದನ್ನು ಅಲ್ಲಿಗೆ ತರುವಂತೆಯೇ ಇಲ್ಲ. ಯಾರೋ ಒಬ್ಬರು ಒಂದು ಸ್ವರ ಎತ್ತುತ್ತಾರೆ, ಇನ್ನೊಬ್ಬರು ಅದಕ್ಕೆ ದನಿಗೂಡಿಸುತ್ತಾರೆ, ಮೂರನೆಯವರು ಅದರ ಕಿವಿ ಹಿಡಿದು ಬೇರೆಲ್ಲಿಗೋ ಎಳೆದುಕೊಂಡು ಹೋಗುತ್ತಾರೆ. ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿದಿರಬಾರದು. ವಾದ್ಯ ಇದ್ದವರು ವಾದ್ಯ ತರುತ್ತಾರೆ, ಇಲ್ಲದವರು ತಟ್ಟೆ ತರುತ್ತಾರೆ, ತಟ್ಟೆಯೂ ಇಲ್ಲದವರು ಎರಡು ಕೈ ತರುತ್ತಾರೆ.

ಕೂಟಕ್ಕೆ ಇರುವುದು ಒಂದೇ ನಿಯಮ. ಎತ್ತುವವರು ಯಾರಾದರೂ ಎತ್ತಲಿ, ಮುಗಿಸಿದವರ ಮನೆಯಲ್ಲಿ ಮುಂದಿನ ಕೂಟ. ಆ ಮನೆಯವರು ಜಗಲಿ ಗುಡಿಸಬೇಕು, ಚಾಪೆ ಹಾಸಬೇಕು, ಮಂಡಕ್ಕಿ ಒಗ್ಗರಣೆ ಹಾಕಬೇಕು, ಪಾನಕ ಮಾಡಬೇಕು, ಆಮೇಲೆ ಮೂಲೆಯಲ್ಲಿ ಕೂತು ಕೂಟ ಮುಗಿಯುವವರೆಗೂ ಶ್ರುತಿಪೆಟ್ಟಿಗೆ ಒತ್ತಬೇಕು. ಶ್ರುತಿ ಹಿಡಿದವರು ನುಡಿಸಬಾರದು. ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ. ಕಾಯುವವನು ಮಾತ್ರ ಒಬ್ಬನಿದ್ದಾನೆ, ನಿಯಮದ ತಾತ. ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಕೂತಿರುತ್ತಾನೆ. ಕೊನೆಯ ಸದ್ದು ಯಾರದೆಂದು ಹೇಳುವುದು ಅವನ ಕೆಲಸ.

ನಮ್ಮೂರಿನವರು ಸೋಮಾರಿಗಳಲ್ಲ. ಕೂಟಕ್ಕೆ ಬರುವುದರಲ್ಲಿ ನಾವು ಒಂದು ದಿನವೂ ತಡ ಮಾಡಿದವರಲ್ಲ. ಹೋಗುವುದರಲ್ಲೂ ಅಷ್ಟೆ. ಮುಗಿಸಿದರೆ ತಾನೇ ಮುಂದಿನ ವಾರದ ಚಾಕರಿ? ಮುಗಿಸದೆ ಎದ್ದು ಹೋದರೆ ನಿಯಮ ಏನು ಮಾಡೀತು? ಇದು ಮೊದಲು ಯಾರಿಗೆ ಹೊಳೆಯಿತೋ, ಮುಂದಿನ ಗುರುವಾರದ ಹೊತ್ತಿಗೆ ಊರಿಗೆಲ್ಲ ಹೊಳೆದಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮದ್ದಲೆಯವನು, ನುಡಿಸುವಿಕೆ ಏರಿ ಇನ್ನೇನು ಇಳಿಯಬೇಕು ಎನ್ನುವಾಗ, ಚರ್ಮ ಸಡಿಲವಾಯಿತು, ಸ್ವಲ್ಪ ಬಿಸಿಲಿಗೆ ಹಿಡಿದು ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದ. ಬಿಸಿಲಿಗೆ ಹೋದ ಆ ಮದ್ದಲೆ ಒಂದು ಸಲವೂ ತಿರುಗಿ ಬಂದದ್ದಿಲ್ಲ. ಕೊಳಲಿನವನು ಊರಿನ ದರ್ಜಿ. ಯಾರದೋ ಅಂಗಿಗೆ ಒಂದೇ ತೋಳು ಹಚ್ಚಿ ಬಂದಿರುವುದು ಅವನಿಗೆ ಸರಿಯಾಗಿ ಆಗಲೇ ನೆನಪಾಗುತ್ತಿತ್ತು. ಹಾಡುವವಳು ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತಿದ್ದಳು. ಪ್ರತಿ ಗುರುವಾರ ಉಕ್ಕಿದ ಆ ಹಾಲನ್ನೆಲ್ಲ ಕೂಡಿಸಿದ್ದರೆ ನಮ್ಮ ಕೆರೆ ಕೋಡಿ ಬೀಳುತ್ತಿತ್ತು. ಇನ್ನು ನಾನು. ನನ್ನದು ಮೋರ್ಚಿಂಗು. ಹಲ್ಲಿನ ನಡುವಿನಿಂದ ತೆಗೆದು ಜೇಬಿಗೆ ಹಾಕಿಕೊಂಡು ಕಂಬಿ ಕೀಳುವುದಕ್ಕೆ ಅದಕ್ಕಿಂತ ಅನುಕೂಲದ ವಾದ್ಯ ಲೋಕದಲ್ಲಿ ಇನ್ನೊಂದಿಲ್ಲ. ನಾನು ನೆಪವನ್ನೂ ಹೇಳುತ್ತಿರಲಿಲ್ಲ.

ಹೀಗೆ ಒಬ್ಬೊಬ್ಬರಾಗಿ ನಾವು ಕರಗಿದ ಮೇಲೆ ಜಗಲಿಯ ಮೇಲೆ ಉಳಿಯುತ್ತಿದ್ದದ್ದು ಇಬ್ಬರೇ. ಕಣ್ಣು ಮುಚ್ಚಿದ ತಾತ, ಶ್ರುತಿ ಒತ್ತುತ್ತಿದ್ದ ಮನೆಯಾಕೆ. ಅವಳನ್ನು ನಾವು ಜಗಲಿಯವಳು ಎನ್ನುತ್ತಿದ್ದೆವು. ಅವಳು ಇನ್ನಷ್ಟು ಹೊತ್ತು ಒತ್ತುತ್ತಿದ್ದಳು. ಯಾರಾದರೂ ತಿರುಗಿ ಬಂದಾರು ಎಂದು ಬೀದಿಯ ಎರಡೂ ಕಡೆ ನೋಡುತ್ತಿದ್ದಳು. ಆಮೇಲೆ ಬಲಗೈಯಿಂದ ಪೆಟ್ಟಿಗೆಯ ಮೇಲೆ ಮೂರು ಸಲ ತಟ್ಟಿ, ಶ್ರುತಿ ನಿಲ್ಲಿಸುತ್ತಿದ್ದಳು.

"ಕೊನೆಯ ಸದ್ದು ನಿನ್ನದೇ ಕಣಮ್ಮ," ಎಂದು ಹೇಳಿ ತಾತ ಕೋಲು ಹುಡುಕಿಕೊಳ್ಳುತ್ತಿದ್ದ.

ಹೀಗೆ ಹದಿನಾಲ್ಕು ವರ್ಷ. ಹದಿನಾಲ್ಕು ವರ್ಷ ಕೂಟ ಅವಳ ಮನೆಯಲ್ಲೇ ನಡೆಯಿತು. ಒಂದು ಗುರುವಾರ ಅವಳೂ ಹಟ ಹಿಡಿದು, ಯಾರಾದರೂ ಬಂದು ಮುಗಿಸುವವರೆಗೆ ನಿಲ್ಲಿಸುವುದಿಲ್ಲ ಎಂದು ಒತ್ತುತ್ತಲೇ ಕೂತಳಂತೆ. ದೀಪ ಹಚ್ಚುವ ಹೊತ್ತಿಗೆ ತೂಕಡಿಕೆ ಬಂದು ಕೈ ಜಾರಿತು. ತಾತ ಕಣ್ಣು ತೆರೆಯದೆಯೇ ಹೇಳಬೇಕಾದ್ದನ್ನು ಹೇಳಿ ಎದ್ದ.

ಅವಳು ಹುಟ್ಟಿನಿಂದ ಜಗಲಿಯವಳೇನಲ್ಲ. ಖಂಜಿರದವಳು. ಅವಳ ಖಂಜಿರ ಕೇಳಿದವರು ನಮ್ಮಲ್ಲಿ ಈಗ ಕೆಲವರೇ ಇದ್ದೇವೆ. ಹದಿನಾಲ್ಕು ವರ್ಷದ ಹಿಂದೆ ಒಂದು ಗುರುವಾರ, ನುಡಿಸುವಿಕೆ ಮುಗಿಯಬೇಕಾದ ಜಾಗಕ್ಕೆ ತಾನಾಗಿಯೇ ಬಂದು ನಿಂತಿತು. ನಾವೆಲ್ಲ ಚಪ್ಪಲಿ ಹುಡುಕುತ್ತಿದ್ದೆವು. ಅವಳು ಮುಂದಿನ ವಾರದ ಮಂಡಕ್ಕಿಯನ್ನು ನೆನೆಯಲಿಲ್ಲ. ಮುಗಿಯಬೇಕಾಗಿತ್ತು, ನಗುತ್ತಾ ಮುಗಿಸಿದಳು. ಅಷ್ಟು ಚೆಂದದ ಮುಕ್ತಾಯ ನಾನು ಕೇಳಿಲ್ಲ. ಅದಕ್ಕೆ ನಾವು ಕೊಟ್ಟ ಉಡುಗೊರೆ ಈ ಹದಿನಾಲ್ಕು ವರ್ಷ.

ಹದಿನಾಲ್ಕನೆಯ ವರ್ಷದ ಬೇಸಿಗೆಯ ಹೊತ್ತಿಗೆ ಅವಳ ಬಲಗೈ ಬೆರಳುಗಳು ಬೆಳಗಿನ ಹೊತ್ತು ಮಡಚಿಕೊಳ್ಳದೆ ಸತಾಯಿಸತೊಡಗಿದವು. ಪಂಡಿತರು ಎಣ್ಣೆ ಕೊಟ್ಟರು, ಜೊತೆಗೆ ನಿಜವನ್ನೂ ಹೇಳಿದರು. ಬರುವ ವರ್ಷ ಈ ಬೆರಳು ಸೌಟು ಹಿಡಿದರೆ ಅದೇ ದೊಡ್ಡದು, ಅದಕ್ಕಿಂತ ಹೆಚ್ಚು ಕೇಳಬೇಡ ಎಂದರು. ಅವಳು ಮನೆಗೆ ಬಂದು ಖಂಜಿರ ಇಳಿಸಿ ಧೂಳು ಒರೆಸಿದಳು. ಮುಂದಿನ ಗುರುವಾರ ಪಾನಕ ಕೊಡುವಾಗ ನಮಗೆಲ್ಲ ಹೇಳಿದಳು.

"ನನಗೇನೂ ಬೇಡ್ರಪ್ಪ. ಕೈ ಹೋಗೋದ್ರೊಳಗೆ ಒಂದೇ ಒಂದು ಕೂಟದಲ್ಲಿ ಕೂತು ಬಾರಿಸಬೇಕು. ಯಾರಾದ್ರೂ ಒಬ್ರು ಮುಗಿಸಿಕೊಡಿ."

ನಮಗೆ ಬಹಳ ದುಃಖವಾಯಿತು. ಸುಳ್ಳಲ್ಲ, ನಿಜವಾಗಿಯೂ ಆಯಿತು. ಹಾಡುವವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದ್ದಲೆಯವನು, ಅಕ್ಕಾ, ಇವತ್ತು ನೀನು ಯೋಚನೆಯೇ ಮಾಡಬೇಡ ಎಂದು ಎದೆ ತಟ್ಟಿಕೊಂಡ. ಕೊಳಲಿನವನು ಎದೆ ತಟ್ಟಿಕೊಂಡ. ನಾನೂ ತಟ್ಟಿಕೊಂಡೆ. ಇಷ್ಟು ಜನ ಮುಗಿಸಲು ಸಿದ್ಧರಿರುವಾಗ ನಾನೊಬ್ಬ ಯಾಕೆ ಎಂದು ಪ್ರತಿಯೊಬ್ಬರಿಗೂ ಒಳಗೇ ಸಮಾಧಾನವಾಯಿತು.

ಅವತ್ತು ನುಡಿಸುವಿಕೆ ಬೇಗ ಏರಿತು. ಇಳಿಯುವ ಜಾಗ ಬಂತು. ಕೊಳಲಿನವನು ಮದ್ದಲೆಯವನಿಗೆ ತಲೆ ಬಾಗಿ, ಹಿರಿಯರು ನೀವು, ಎನ್ನುವಂತೆ ಕೈ ತೋರಿದ. ಮದ್ದಲೆಯವನು ಹಾಡುವವಳಿಗೆ ಕೈ ತೋರಿದ. ಹಾಡುವವಳು ನನ್ನ ಕಡೆ ಹುಬ್ಬು ಹಾರಿಸಿದಳು. ನಾನು ಆಕಾಶ ನೋಡಿದೆ. ಮತ್ತೆ ಒಂದು ಸುತ್ತು ಬಂದೆವು. ನೀವು ಮುಗಿಸಿ, ಇಲ್ಲ ನೀವು ಮುಗಿಸಿ. ಅಷ್ಟು ಮರ್ಯಾದಸ್ಥ ಸಂಗೀತ ಯಾವ ಊರಲ್ಲೂ ನಡೆದಿರಲಾರದು. ಐದನೆಯ ಸುತ್ತಿಗೆ ಮದ್ದಲೆಯ ಚರ್ಮ ಸಡಿಲವಾಯಿತು. ಆರನೆಯದಕ್ಕೆ ಹಾಲು ಉಕ್ಕಿತು. ನಾನು ಯಾವಾಗ ಹೋದೆನೆಂದು ಹೇಳುವುದಿಲ್ಲ, ನಾಚಿಕೆಯಾಗುತ್ತದೆ.

ಅವಳು ಆವತ್ತೂ ಮೂರು ಸಲ ತಟ್ಟಿ ನಿಲ್ಲಿಸಿದಳು. ಆಮೇಲೆ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತಳಂತೆ. ತಾತ ಕಣ್ಣು ಮುಚ್ಚಿಯೇ ಇದ್ದವನು, ಆ ಒಂದು ಸಲ ಮಾತ್ರ ಏನೂ ಹೇಳದೆ ಎದ್ದು ಹೋದನಂತೆ. ಹೇಳದಿದ್ದರೆ ನಿಯಮ ಬದಲಾಗುತ್ತದೆಯೇ? ಮುಂದಿನ ಗುರುವಾರವೂ ಕೂಟ ಅಲ್ಲೇ.

ಆ ಗುರುವಾರ ಊರಿಗೆ ಕಲಾಯಿಯವನು ಬಂದ. ಪಾತ್ರೆಗೆ ಕಲಾಯಿ ಹಾಕುತ್ತಾ ಊರೂರು ತಿರುಗುವವನು. ಗಾಡಿಯಲ್ಲಿ ತಿದಿ, ಇಕ್ಕಳ, ಒಂದು ಹಾಸಿಗೆ ಸುರುಳಿ. ಅವನ ಮನೆ ಅಷ್ಟೆ. ಸದ್ದು ಕೇಳಿ ಬಂದ, ಜಗಲಿಯ ಅಂಚಿನಲ್ಲಿ ಕೂತ, ಕೊಟ್ಟ ಪಾನಕ ಕುಡಿದ. ನಾವೆಲ್ಲ ಎಂದಿನಂತೆ ಕರಗಿದೆವು. ಅವನು ಕರಗಲಿಲ್ಲ. ಅವನಿಗೆ ಕರಗಬೇಕೆಂದೇ ಗೊತ್ತಿರಲಿಲ್ಲ. ಖಾಲಿ ಲೋಟದ ಮೇಲೆ ಬೆರಳಿನಿಂದ ನುಡಿಸುತ್ತಾ ನುಡಿಸುತ್ತಾ, ಉಳಿದಿದ್ದ ಆ ಅರ್ಧ ಹಾದಿಯನ್ನು ಒಬ್ಬನೇ ನಡೆದು, ನೆಟ್ಟಗೆ ಮುಗಿಸಿಬಿಟ್ಟ.

ನಿಯಮವನ್ನು ಮೊದಲೇ ಹೇಳಬೇಕಿತ್ತು, ಬಾಯಿ ಬಿಡಲಿಲ್ಲ ಎಂದು ಅವಳೇ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಅವಳು ಮಾಡಿದ ಕಳ್ಳತನ ಅದೊಂದೇ. ಮುಗಿಸಿದ ಮೇಲೆ ಹೇಳಿದಳು. ಮುಂದಿನ ಕೂಟ ನಿನ್ನ ಮನೆಯಲ್ಲಿ, ಶ್ರುತಿಯೂ ನೀನೇ ಹಿಡಿಯಬೇಕು ಎಂದಳು. ಕಲಾಯಿಯವನು ಬೇಸರ ಮಾಡಿಕೊಳ್ಳಲಿಲ್ಲ.

"ಆಗ್ಲಿ ಬಿಡವ್ವ. ಇಲ್ಲೀವರ್ಗೂ ಯಾರೂ ನನ್ ಮನೇಗೆ ಬಂದಿಲ್ಲ. ಗುರುವಾರ ನನ್ ಗಾಡಿ ಎಲ್ಲಿರ್ತದೋ ಅಲ್ಲೇ ನನ್ ಮನೆ, ಬನ್ನಿ," ಎಂದು ಹೇಳಿ ಮಾರನೆಯ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಹೊರಟುಹೋದ.

ವಿಷಯ ತಿಳಿದಾಗ ಊರಿಗೆ ಊರೇ ಬಾವಿಕಟ್ಟೆಯ ಹತ್ತಿರ ಸೇರಿತು. ಇಷ್ಟು ವರ್ಷ ಕೂಟ ಅವಳ ಜಗಲಿಯಲ್ಲಿ ಭದ್ರವಾಗಿತ್ತು, ಈಗ ಚಕ್ರ ಕಟ್ಟಿಕೊಂಡು ಊರು ಬಿಟ್ಟಿತ್ತು. ದಾರಿಹೋಕ ಮುಗಿಸಿದರೆ ಲೆಕ್ಕಕ್ಕಿಲ್ಲ ಎಂದು ಮದ್ದಲೆಯವನು ವಾದಿಸಿದ. ತಾತ ಒಪ್ಪಲಿಲ್ಲ. ಮುಗಿಸಿದವರ ಮನೆ ಎಂದಿದೆಯೇ ಹೊರತು ಮನೆಗೆ ಗೋಡೆ ಇರಬೇಕೆಂದು ಎಲ್ಲಿಯೂ ಇಲ್ಲ ಎಂದ. ಹಾಗಾದರೆ ಕೂಟವೇ ಬೇಡ ಎಂದು ನಾವು ಸಿಟ್ಟಿನಿಂದ ಮನೆಗೆ ಹೋದೆವು. ಮುಂದಿನ ಗುರುವಾರ ಬಿಸಿಲು ಬಾವಿಕಟ್ಟೆ ದಾಟುವ ಮೊದಲೇ ಕೊಳಲಿನವನು ಬೀದಿಯಲ್ಲಿದ್ದ. ಮದ್ದಲೆಯವನು ಮದ್ದಲೆ ಹೆಗಲಿಗೇರಿಸಿದ್ದ. ಸುಮ್ಮನೆ ಗಾಳಿಗೆ ಬಂದೆ ಎಂದು ಹಾಡುವವಳು ಹೇಳಿದಳು. ಒಲೆಯ ಮೇಲೆ ಹಾಲಿಟ್ಟಿಲ್ಲವೇ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಜಗಲಿಯವಳು ನಮ್ಮೆಲ್ಲರಿಗಿಂತ ಮುಂದೆ ನಡೆದಳು. ತಟ್ಟೆಯವರು, ಚಪ್ಪಾಳೆಯವರು, ಕೋಲೂರಿಕೊಂಡು ತಾತ, ಎಲ್ಲರೂ ಹಿಂದೆ. ಶ್ರುತಿಪೆಟ್ಟಿಗೆಯನ್ನು ನನ್ನ ತಲೆಯ ಮೇಲೆ ಹೊರಿಸಿದ್ದಳು. ಅವಳ ಕೈಯಲ್ಲಿ ಖಂಜಿರ ಮಾತ್ರ ಇತ್ತು.

ಕಲಾಯಿಯವನ ಗಾಡಿ ಎಲ್ಲಿದೆಯೆಂದು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಾ ಎರಡು ಹರದಾರಿ ನಡೆದ ಮೇಲೆ ಒಂದು ಬಯಲು. ಬಯಲಿನ ನಡುವೆ ಕಲಾಯಿಯವನ ಗಾಡಿ, ಗಾಡಿಯ ಪಕ್ಕದಲ್ಲಿ ಗುಡಿಸಿ ನೀರು ಚಿಮುಕಿಸಿದ ನೆಲ. ಹಾಸಿಗೆ ಸುರುಳಿ ಬಿಚ್ಚಿ ಹಾಸಿದ್ದ. ಕಲಾಯಿ ಹಾಕಿದ ಹೊಸ ಕೊಳಗದಲ್ಲಿ ಪಾನಕ ಮಾಡಿದ್ದ, ಬೆಲ್ಲ ತುಸು ಹೆಚ್ಚೇ ಆಗಿತ್ತು. ಮನೆಗೆ ಜನ ಬಂದರೆಂದು ಅವನಿಗಾದ ಸಂತೋಷ ನೋಡಿ ನಮಗೆ ಒಂಥರಾ ಆಯಿತು. ಹದಿನಾಲ್ಕು ವರ್ಷ ನಾವು ತಪ್ಪಿಸಿಕೊಂಡದ್ದು ಇದರಿಂದಲೋ ಎನಿಸಿತು. ಅವಳು ಶ್ರುತಿಪೆಟ್ಟಿಗೆಯನ್ನು ಅವನ ಮುಂದಿಟ್ಟು ಒತ್ತುವ ಬಗೆ ತೋರಿಸಿದಳು. ತಿದಿ ಒತ್ತಿ ಪಳಗಿದ ಕೈ, ಎರಡನೆಯ ಸಲಕ್ಕೇ ಶ್ರುತಿ ಕದಲದೆ ನಿಂತಿತು.

ಅವಳು ನಮ್ಮ ನಡುವೆ ಬಂದು ಕೂತಳು. ಖಂಜಿರದ ಚರ್ಮಕ್ಕೆ ಒಳಗಿನಿಂದ ಒಂದಿಷ್ಟು ನೀರು ಸವರಿದಳು. ಹಾಡುವವಳು ಸ್ವರ ಎತ್ತಿದಳು, ಕೊಳಲು ಸೇರಿತು, ಮದ್ದಲೆ ಸೇರಿತು. ಜಗಲಿಯವಳು ಕೈ ಎತ್ತಿದಳು.

ಒಂದು ಸುತ್ತು ಬಾರಿಸಿದಳು. ಬೆರಳು ತಡವರಿಸಿತು, ಆದರೂ ಅದು ಅವಳದೇ ಕೈ ಎಂದು ಗೊತ್ತಾಗುತ್ತಿತ್ತು. ಎರಡನೆಯ ಸುತ್ತಿಗೆ ಮುಖ ಅರಳಿತು. ಮೂರನೆಯ ಸುತ್ತಿನ ಅರ್ಧಕ್ಕೆ ಅವಳ ಬಲಗೈ, ಅವಳನ್ನು ಕೇಳದೆ, ತಟ್, ತಟ್, ತಟ್ ಎಂದು ಮೂರು ಸಲ ಬಡಿದು ನಿಂತುಬಿಟ್ಟಿತು. ಮೂರು ಪೆಟ್ಟು ಬಿದ್ದರೆ ಎಲ್ಲ ಮುಗಿಯಿತು ಎನ್ನುವುದು, ಓಣಿಯ ಮರೆಯಿಂದ ಕೇಳಿ ಕೇಳಿ, ನಮ್ಮ ಕಿವಿಗೂ ಅಭ್ಯಾಸವಾಗಿತ್ತೋ ಏನೋ, ಕೊಳಲೂ ಮದ್ದಲೆಯೂ ಒಟ್ಟಿಗೆ ನಿಂತವು. ಕಲಾಯಿಯವನ ಕೈ ಕೂಡ ನಿಂತಿತು.

ಯಾಕೆಂದು ಎಲ್ಲರಿಗೂ ತಕ್ಷಣ ತಿಳಿಯಿತು. ಏಳುನೂರಕ್ಕೂ ಹೆಚ್ಚು ಗುರುವಾರ ಆ ಕೈ ಮಾಡಿದ್ದು ಅದೊಂದೇ ಕೆಲಸ. ನಾವು ಬಿಟ್ಟುಹೋದದ್ದನ್ನು ಮುಗಿಸಿ ಮುಗಿಸಿ, ಅದಕ್ಕೀಗ ಮುಗಿಸುವುದೊಂದೇ ಗೊತ್ತಿತ್ತು. ಅವಳು ತನ್ನ ಕೈಯನ್ನೇ ನೋಡುತ್ತಾ ಕೂತಳು. ಆಮೇಲೆ ಖಂಜಿರ ಕೆಳಗಿಟ್ಟಳು.

"ಕೊನೆಯ ಸದ್ದು..." ಎಂದು ತಾತ ಶುರು ಮಾಡಿದ.

"ಅದೆಂಥಾ ಕೊನೆ ತಾತ? ಅಕ್ಕ ನೊಣ ಹೊಡೆದ್ಲು," ಎಂದ ಮದ್ದಲೆಯವನು.

ತಾತ ಒಂದು ಕಣ್ಣು ತೆರೆದ. ನೊಣ ಎಲ್ಲಿದೆ ಎಂದು ಕೇಳಿದ. ಸತ್ತಿತು ಎಂದ ಮದ್ದಲೆಯವನು. ಅಷ್ಟು ಹೇಳಿ ಅವನು ಮದ್ದಲೆಗೆ ಕೈ ಹಾಕಿದ್ದೇ, ಬಿಟ್ಟ ಜಾಗದಿಂದ ನುಡಿಸುವಿಕೆ ಮತ್ತೆ ಹೊರಟಿತು. ಅವಳು ಹೆದರುತ್ತಾ ಖಂಜಿರ ಎತ್ತಿಕೊಂಡಳು. ಎರಡು ಸುತ್ತು ಆದ ಮೇಲೆ ಕೈ ಮತ್ತೆ ಅದೇ ಮೂರು ಪೆಟ್ಟು ಹಾಕಿತು. ಈ ಸಲ ತಾತ ಬಾಯಿ ತೆರೆಯುವ ಮೊದಲೇ, ಅದು ಮುಕ್ತಾಯವಲ್ಲ, ಅವಳು ಉಸಿರು ತೆಗೆದುಕೊಂಡದ್ದು ಎಂದು ಹಾಡುವವಳು ಸಾಧಿಸಿದಳು. ಮೂರನೆಯ ಸಲ, ಖಂಜಿರದ ಧೂಳು ಕೊಡವಿದ್ದು ಎಂದು ಕೊಳಲಿನವನು ಆಣೆ ಮಾಡಿದ. ಅಳಿಯ ಅಲ್ಲ ಮಗಳ ಗಂಡ ಎನ್ನುವ ವಿದ್ಯೆಯಲ್ಲಿ ನಮ್ಮೂರನ್ನು ಮೀರಿಸಿದವರಿಲ್ಲ. ಹದಿನಾಲ್ಕು ವರ್ಷ ಅವಳಿಂದ ತಪ್ಪಿಸಿಕೊಳ್ಳಲು ಕಲಿತ ನೆಪಗಳನ್ನೆಲ್ಲ ಅವತ್ತು ಅವಳಿಗಾಗಿ ಖರ್ಚು ಮಾಡಿದೆವು. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾರಿಸುತ್ತಿದ್ದಳು. ಅವಳ ಬೆರಳಿಗೆ ತಕ್ಕಂತೆ ಮದ್ದಲೆಯವನು ನಡೆ ನಿಧಾನ ಮಾಡಿದ. ಬಿರುಸು ಕೈಯವನು ಎಂದು ಊರಿಗೇ ಹೆಸರಾದವನು ಅವನು.

ನಿಧಾನಕ್ಕೆ ಆ ಕೈ ತನ್ನ ಹಳೆಯ ದಾರಿ ಕಂಡುಕೊಂಡಿತು. ನಾಲ್ಕು ಸುತ್ತು, ಆರು ಸುತ್ತು, ಹತ್ತು ಸುತ್ತು ನಿಲ್ಲದೆ ಬಾರಿಸಿದಳು. ನಾನು ಮೋರ್ಚಿಂಗನ್ನು ಬಾಯಲ್ಲಿಟ್ಟುಕೊಂಡೇ ನುಡಿಸುವುದನ್ನು ಮರೆತು ಕೇಳಿದೆ. ಬಯಲಿನ ಅಂಚಿಗೆ ಬಿಸಿಲು ಇಳಿಯುತ್ತಿದ್ದಾಗ ನುಡಿಸುವಿಕೆ ಮುಗಿಯಬೇಕಾದ ಜಾಗಕ್ಕೆ ಬಂದು ನಿಂತಿತು. ಅವಳು ನಮ್ಮನ್ನು ನೋಡಿದಳು. ಬಯಲಿನಲ್ಲಿ ಹಿಂಬಾಗಿಲಿಲ್ಲ, ಓಣಿಯಿಲ್ಲ, ಓಡಿದರೆ ಹರದಾರಿಯವರೆಗೂ ಬೆನ್ನು ಕಾಣುತ್ತದೆ. ಆದರೆ ನಿಜ ಹೇಳುತ್ತೇನೆ, ಆವತ್ತು ಓಡುವ ಯೋಚನೆ ಯಾರಿಗೂ ಬರಲಿಲ್ಲ. ಅವಳು ಕೈ ಎತ್ತಿ, ನಗುತ್ತಾ, ಬೇಕೆಂದೇ, ಮುಗಿಸಿದಳು. ಹದಿನಾಲ್ಕು ವರ್ಷದ ಹಿಂದೆ ಮುಗಿಸಿದ ಹಾಗೆಯೇ.

ಆ ಸದ್ದು ಅಡಗುವ ಮೊದಲೇ ಮದ್ದಲೆಯವನು ಇನ್ನೊಂದು ಪೆಟ್ಟು ಹಾಕಿದ.

ಅವನ ಪೆಟ್ಟಿನ ಮೇಲೆ ಕೊಳಲಿನವನು ಒಂದು ಸ್ವರ ಊದಿದ. ಅದರ ಮೇಲೆ ಹಾಡುವವಳ ಒಂದು ಎಳೆ. ಅದರ ಮೇಲೆ ತಟ್ಟೆಯವರು, ಚಪ್ಪಾಳೆಯವರು, ಒಬ್ಬರಾದ ಮೇಲೆ ಒಬ್ಬರು, ನನ್ನದು ಕೊನೆ, ಇಲ್ಲ ನನ್ನದು ಕೊನೆ. ನಾನೂ ಮೋರ್ಚಿಂಗು ಮೀಟಿದೆ. ಅಷ್ಟರಲ್ಲಿ ಯಾರೋ ಕೆಮ್ಮಿದರು, ಅದನ್ನೂ ತಮ್ಮ ಲೆಕ್ಕಕ್ಕೇ ಹಾಕಬೇಕೆಂದು ಜಗಳ ತೆಗೆದರು. ತೀರ್ಪು ಕೇಳಲು ತಾತನ ಕಡೆ ತಿರುಗಿದೆವು. ತಾತ ಎರಡೂ ಕಣ್ಣು ತೆರೆದು, ಕೋಲೆತ್ತಿ ನೆಲಕ್ಕೆ ಒಂದು ಸಲ ಕುಟ್ಟಿದ.

"ನನ್ನದು," ಎಂದ.

ನಾವು ಒಪ್ಪಲಿಲ್ಲ. ತೀರ್ಪು ಹೇಳಬೇಕಾದವನು ತಾನೇ ಸದ್ದು ಮಾಡುವುದು ಎಲ್ಲಿಯ ನ್ಯಾಯ ಎಂದು ಎರಡು ಹರದಾರಿ ದಾರಿಯುದ್ದಕ್ಕೂ ಜಗಳವಾಡುತ್ತಾ ಊರು ಸೇರಿದೆವು. ಅವಳು ಆ ಜಗಳಕ್ಕೆ ಕಿವಿಗೊಡದೆ, ಕಾದು ಕೆಂಪಾದ ಅಂಗೈಯನ್ನು ಆಗಾಗ ನೋಡಿಕೊಳ್ಳುತ್ತಾ ಮುಂದೆ ನಡೆಯುತ್ತಿದ್ದಳು.

ಮುಂದಿನ ಗುರುವಾರ ಬಿಸಿಲು ಬಾವಿಕಟ್ಟೆ ದಾಟುವ ಹೊತ್ತಿಗೆ ನಮ್ಮೂರಿನಲ್ಲಿ ಒಂಬತ್ತು ಮನೆಗಳ ಮುಂದೆ ಚಾಪೆ ಹಾಸಿತ್ತು. ಒಂಬತ್ತು ಒಲೆಯ ಮೇಲೆ ಮಂಡಕ್ಕಿಯ ಒಗ್ಗರಣೆ ಸಿಡಿಯುತ್ತಿತ್ತು. ಅವಳು ಖಂಜಿರ ಹಿಡಿದು ಬಾಗಿಲು ಎಳೆದುಕೊಂಡು ಹೊರಬಂದಳು, ಮೂರು ಬೀದಿ ಕೂಡುವಲ್ಲಿ ನಿಂತಳು, ಯಾರ ಮನೆಗೆ ಹೋಗುವುದೆಂದು ತಿಳಿಯದೆ ಅತ್ತ ಇತ್ತ ನೋಡಿದಳು. ಒಂಬತ್ತು ಬಾಗಿಲಿನಿಂದಲೂ ಅವಳನ್ನು ಕರೆಯುತ್ತಿದ್ದರು. ಆ ಒಂಬತ್ತರಲ್ಲಿ ನನ್ನ ಮನೆಯೂ ಒಂದು. ಕೊನೆಯ ಸದ್ದು ನನ್ನದೇ ಆಗಿತ್ತು, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.